ಕುಗ್ಗಿದ ಬಟ್ಟೆಗೆ ಹೊಳಪು ಬಂದ ಕಥೆ

ಹೊಲಿಗೆ ದಾರದ ಉಂಡೆಯ ಮೇಲೋ ಷರ್ಟಿನ ಚೀಟಿಯಲ್ಲೋ ‘ಮರ್ಸರೈಸ್ಡ್’ ಎಂಬ ಮಾತನ್ನು ನೀವು ಕಂಡಿರಬಹುದು. ಕೇಳಿದರೆ, ರೇಷ್ಮೆಯಂತೆ ಮಿನುಗುವ ಹತ್ತಿ ಎನ್ನುತ್ತಾರೆ ಅಂಗಡಿಯವರು. ಜಾನ್ ಮರ್ಸರ್ ಎಂಬಾತನ ಹೆಸರಿನಿಂದ ಬಂದ ಮಾತಿದು. ತಮಾಷೆಯೆಂದರೆ, ಆ ಹೊಳಪು ಮಾತ್ರ ಆತನದಲ್ಲ.

ಇಂಗ್ಲೆಂಡಿನ ಲ್ಯಾಂಕಷೈರ್‌ನಲ್ಲಿ 1791ರಲ್ಲಿ ಹುಟ್ಟಿದ ಮರ್ಸರ್, ಬಾಲ್ಯದಲ್ಲೇ ನೂಲು ಸುತ್ತುವ ಕೆಲಸಕ್ಕೆ ಸೇರಿದವನು. ಮಗ್ಗದಲ್ಲಿ ದುಡಿಯುತ್ತ ಬಣ್ಣಗಳ ಮೋಹಕ್ಕೆ ಬಿದ್ದು, ಪುಸ್ತಕ ಓದಿ ರಸಾಯನಶಾಸ್ತ್ರ ಕಲಿತ. 1844ರಲ್ಲಿ ಕಾಸ್ಟಿಕ್ ಸೋಡಾದ ಗಟ್ಟಿ ದ್ರಾವಣವನ್ನು ಹತ್ತಿಬಟ್ಟೆಯಲ್ಲಿ ಸೋಸುತ್ತಿದ್ದಾಗ, ಬಟ್ಟೆ ಉದ್ದಗಲ ಎರಡರಲ್ಲೂ ಕುಗ್ಗಿ ದಪ್ಪಗಾಯಿತು. ಬೇರೆಯವರಾಗಿದ್ದರೆ ಆ ಚಿಂದಿಯನ್ನು ಎಸೆದುಬಿಡುತ್ತಿದ್ದರು. ಈತ ತೊಳೆದು ಪರೀಕ್ಷಿಸಿದ. ಬಟ್ಟೆ ಮೊದಲಿಗಿಂತ ಗಟ್ಟಿಯಾಗಿತ್ತು. ಬಣ್ಣವನ್ನೂ ಚೆನ್ನಾಗಿ ಹೀರುತ್ತಿತ್ತು. 1850ರಲ್ಲಿ ಪೇಟೆಂಟ್ ಪಡೆದ.

ಆದದ್ದೇನು? ಕಾಯಿಯೊಳಗೆ ಹಸಿಯಾಗಿರುವಾಗ ಹತ್ತಿಯ ಎಳೆ ದುಂಡನೆಯ ಕೊಳವೆ. ಕಾಯಿ ಬಿರಿದು ಒಣಗಿದೊಡನೆ ಅದು ಅವರೆಯ ಒಣಸಿಪ್ಪೆಯ ಹಾಗೆ ಚಪ್ಪಟೆಯಾಗಿ ತಿರುಚಿಕೊಳ್ಳುತ್ತದೆ. ಜಗ್ಗಿದಾಗ ಆ ತಿರುಚುಗಳ ಬಳಿಯೇ ಭಾರ ಹೆಚ್ಚಿ ಎಳೆ ಹರಿಯುತ್ತದೆ. ಗಟ್ಟಿ ಕ್ಷಾರವು ಸೆಲ್ಯುಲೋಸಿನ ಅಣುಸರಪಣಿಗಳ ನಡುವೆ ನುಗ್ಗಿ ಎಳೆಯನ್ನು ಉಬ್ಬಿಸುತ್ತದೆ. ಎಳೆ ಮತ್ತೆ ದುಂಡಗಾಗಿ, ತಿರುಚು ಬಿಚ್ಚಿಕೊಳ್ಳುತ್ತದೆ. ಕ್ಷಾರವನ್ನು ತೊಳೆದುಹಾಕಿದರೂ ಸರಪಣಿಗಳು ಹಳೆಯ ಜೋಡಣೆಗೆ ಮರಳುವುದಿಲ್ಲ. ಭಾರ ಹೆಚ್ಚು ಸಮನಾಗಿ ಹಂಚಿಹೋಗುತ್ತದೆ. ದ್ರಾವಣ ತೀರ ತೆಳುವಾಗಿದ್ದರೆ ಮಾತ್ರ ಇದೊಂದೂ ನಡೆಯದು, ಬಟ್ಟೆಯ ಕೊಳೆ ಹೋದೀತು ಅಷ್ಟೆ.

ಆದರೂ ಗಿರಣಿಗಳು ಇದನ್ನು ಮೆಚ್ಚಲಿಲ್ಲ. ಕಾಸ್ಟಿಕ್ ಸೋಡಾ ಆಗ ದುಬಾರಿ. ಗಜದ ಲೆಕ್ಕದಲ್ಲಿ ಮಾರುವವನಿಗೆ ಕುಗ್ಗುವ ಬಟ್ಟೆಯೆಂದರೆ ಕಣ್ಣೆದುರಿನ ನಷ್ಟ. ವಿದ್ವಾಂಸರು ಮಾತ್ರ ಆತನ ಬೆಲೆ ಅರಿತಿದ್ದರು. 1852ರಲ್ಲಿ ರಾಯಲ್ ಸೊಸೈಟಿ ಆತನನ್ನು ಸದಸ್ಯನನ್ನಾಗಿ ಆರಿಸಿತು. 1866ರಲ್ಲಿ ಆತ ತೀರಿಕೊಂಡಾಗಲೂ ವಿಧಾನ ಮೂಲೆಯಲ್ಲೇ ಇತ್ತು.

1889–90ರಲ್ಲಿ ಹೊರೇಸ್ ಲೋವ್ ಎಂಬ ಮತ್ತೊಬ್ಬ ಇಂಗ್ಲಿಷ್ ರಸಾಯನತಜ್ಞ, ಕುಗ್ಗದಂತೆ ನೂಲನ್ನು ಬಿಗಿಹಿಡಿದು ಕ್ಷಾರದಲ್ಲಿ ಅದ್ದಿದ. ಕುಗ್ಗಲು ಎಡೆ ಸಿಗದ ಎಳೆಗಳು ನುಣುಪಾಗಿ, ಬೆಳಕನ್ನು ಕನ್ನಡಿಯಂತೆ ಹಿಂದಿರುಗಿಸಿದವು. ಬಲವೂ ಇನ್ನಷ್ಟು ಹೆಚ್ಚಿತು. ಪಾಪ, ಲೋವ್‌ನ ಮಾತಿಗೂ ಅಂದು ಕಿವಿಗೊಟ್ಟವರು ಕಡಿಮೆ. ರೇಷ್ಮೆ ನೇಯ್ಗೆಗೆ ಹೆಸರಾದ ಜರ್ಮನಿಯ ಕ್ರೆಫೆಲ್ಡ್‌ನಲ್ಲಿ ಥಾಮಸ್ ಮತ್ತು ಪ್ರೆವೊ ಎಂಬಿಬ್ಬರು 1895ರ ಸುಮಾರಿಗೆ ಇದೇ ದಾರಿ ಹಿಡಿದ ಮೇಲೆಯೇ ಹೊಳೆಯುವ ಹತ್ತಿ ಪೇಟೆಗೆ ಬಂದದ್ದು. ಹೆಸರು ಮಾತ್ರ ಮರ್ಸರನದೇ ಉಳಿಯಿತು.

ಬಿಗಿಯದೆ ಅದ್ದುವ ಆತನ ಹಳೆಯ ವಿಧಾನವೂ ಕಸವಾಗಲಿಲ್ಲ. ಹಾಗೆ ಕುಗ್ಗಿದ ಹತ್ತಿ ಜಗ್ಗಿದರೆ ಹಿಗ್ಗುತ್ತದೆ. ಇಪ್ಪತ್ತನೇ ಶತಮಾನದಲ್ಲಿ ಗಾಯಕ್ಕೆ ಸುತ್ತುವ, ಮಂಡಿ ಮಡಿಸಿದರೂ ಜಾರದ ಹತ್ತಿಯ ಬ್ಯಾಂಡೇಜುಗಳನ್ನು ಅದರಿಂದಲೇ ಮಾಡಿದರು.