ಮುಂಬಯಿಯ ತೇಗ, ಮೇಜಿನ ಮೇಲಿನ ಹಡಗು

ಮರದ ಹಾಯಿಹಡಗಿನ ಕಿಟ್ಟನ್ನು ಮೊದಲ ಸಲ ಕೊಂಡು ಪೆಟ್ಟಿಗೆ ಬಿಚ್ಚಿದರೆ ಒಳಗೆ ಹಡಗಿನ ಸುಳಿವೇ ಇರುವುದಿಲ್ಲ. ಮಡಚಿದ ನಕ್ಷೆ, ಪ್ಲೈವುಡ್ ತುಂಡುಗಳು, ತೆಳುಪಟ್ಟಿಗಳ ಕಟ್ಟು, ನೂಲಿನ ಉಂಡೆ, ಇಷ್ಟೇ. ನಕ್ಷೆ ಯಾರದೋ, ಮರ ಎಲ್ಲಿಯದೋ. ಕಟ್ಟುವ ಕೈ ಮಾತ್ರ ನಮ್ಮದು. ಮುಂಬಯಿಯಲ್ಲಿ ಬ್ರಿಟಿಷರ ಯುದ್ಧನೌಕೆಗಳು ತಯಾರಾದದ್ದೂ ಹೆಚ್ಚುಕಡಿಮೆ ಹೀಗೆಯೇ.

1736ರಲ್ಲಿ ಲವ್‌ಜಿ ನಸರ್‌ವಾನ್‌ಜಿ ವಾಡಿಯಾ ಎಂಬ ಪಾರ್ಸಿ ಬಡಗಿ ಸೂರತ್ತಿನಿಂದ ಮುಂಬಯಿಗೆ ಬಂದ. ನಮ್ಮ ಹಾಗೆ ಅವನೂ ಕೆಲಸಕ್ಕಾಗಿ ಊರು ಬಿಟ್ಟವನೇ. ಅವನ ಮನೆತನ ಸುಮಾರು ಒಂದೂವರೆ ಶತಮಾನ ಅಲ್ಲಿ ಹಡಗು ಕಟ್ಟಿತು. ಮಲಬಾರಿನ ತೇಗ ಅವರ ಬಲ. ಓಕ್ ಮರದ ಆಮ್ಲ ಕಬ್ಬಿಣದ ಮೊಳೆಯನ್ನು ತಿನ್ನುತ್ತದೆ. ತೇಗದ ಎಣ್ಣೆ ಅದನ್ನು ಕಾಯುತ್ತದೆ.

1812ರಲ್ಲಿ ಬ್ರಿಟಿಷ್ ನೌಕಾದಳ ಟ್ರಿಂಕೋಮಲಿ ಎಂಬ ಫ್ರಿಗೇಟ್ ಕಟ್ಟಿಸಲು ನಿರ್ಧರಿಸಿತು. ಅದರ ವಿನ್ಯಾಸದ ಮೂಲ, 1782ರಲ್ಲಿ ಸೆರೆಸಿಕ್ಕ ಎಬೆ ಎಂಬ ಫ್ರೆಂಚ್ ನೌಕೆ. ನಕ್ಷೆಗಳನ್ನು ಮುಂಬಯಿಗೆ ಹೊತ್ತು ಹೊರಟ ಜಾವಾ ಹಡಗನ್ನು ಅದೇ ಡಿಸೆಂಬರಿನಲ್ಲಿ ಬ್ರೆಜಿಲ್ ಕರಾವಳಿಯಾಚೆ ಅಮೆರಿಕದ ಕಾನ್‌ಸ್ಟಿಟ್ಯೂಷನ್ ನೌಕೆ ಸೋಲಿಸಿತು. ಆಮೇಲೆ ಅದನ್ನು ಸುಟ್ಟರು. ನಕ್ಷೆಯ ಇನ್ನೊಂದು ಪ್ರತಿ ಬಂದು ಕೆಲಸ ಶುರುವಾದದ್ದು 1816ರಲ್ಲಿ. ಜಮ್‌ಸೆಟ್‌ಜಿ ಬಮನ್‌ಜಿ ವಾಡಿಯಾ ಅದರ ಮುಖ್ಯ ನಿರ್ಮಾಪಕ. ಪಾರ್ಸಿ ವಾಡಿಕೆಯಂತೆ ಅಡಿಮರಕ್ಕೆ ಬೆಳ್ಳಿಯ ಮೊಳೆ ಹೊಡೆದರು. 1817ರ ಅಕ್ಟೋಬರ್ 12ರಂದು ಹಡಗು ನೀರಿಗಿಳಿಯಿತು.

ಕಿಟ್ಟಿನ ಕೆಲಸವೂ ಇದೇ ಕ್ರಮದಲ್ಲಿ ಸಾಗುತ್ತದೆ. ಮೊದಲು ಅಡಿಮರ, ಅದರ ಗಾಡಿಗಳಲ್ಲಿ ಪಕ್ಕೆಲುಬಿನಂಥ ಅಡ್ಡಹಲಗೆಗಳು. ಪ್ರತಿಯೊಂದನ್ನೂ ಮೂಲೆಮಟ್ಟ ಹಿಡಿದು ನೇರ ನಿಲ್ಲಿಸಬೇಕು. ಇಲ್ಲಿ ಕೂದಲೆಳೆಯಷ್ಟು ಓರೆಯಾದರೂ ಕೊನೆಗೆ ಇಡೀ ಒಡಲು ತಿರುಚಿಕೊಳ್ಳುತ್ತದೆ. ಅಂಟು ಒಣಗಿದ ಮೇಲೆ ಅಡ್ಡಹಲಗೆಗಳ ಅಂಚನ್ನು ಉಜ್ಜಿ ಓರೆ ಕೊಡಬೇಕು, ಪಟ್ಟಿಗಳು ಮೈಗೆ ಮೈ ತಾಗಿ ಕೂರಲು. ಹಡಗಿನ ನಡು ದಪ್ಪ, ಮೂತಿ ಸಣ್ಣ. ಆದ್ದರಿಂದ ಪಟ್ಟಿಗಳನ್ನು ತುದಿಯತ್ತ ಸಣ್ಣಗೆ ಕೆತ್ತಿ, ನೀರಲ್ಲಿ ನೆನೆಸಿ, ಎಡಬಲ ಎರಡೂ ಕಡೆ ಒಂದೊಂದಾಗಿ ಅಂಟಿಸುತ್ತ ಹೋಗಬೇಕು. ಒಂದೇ ಕಡೆ ಮುಗಿಸಲು ಹೊರಟರೆ ಅಡಿಮರ ಬಾಗುತ್ತದೆ.

ಹೀಗಾಗಿ ಮೊದಲ ಕಿಟ್ಟು ಸಣ್ಣದಿರಲಿ: ಒಂದೋ ಎರಡೋ ಪಟಸ್ತಂಭದ ದೋಣಿ ಸಾಕು. ಮೂರು ಸ್ತಂಭ, ಸಾಲು ಫಿರಂಗಿಗಳ ಯುದ್ಧನೌಕೆಗೆ ಕೈ ಹಾಕಿದರೆ ಹಗ್ಗದ ಗಂಟುಗಳಲ್ಲೇ ಉತ್ಸಾಹ ಸೋರಿಹೋಗುತ್ತದೆ. ವಾಡಿಯಾಗಳ ಕೈಯೂ ತಲೆಮಾರುಗಳಲ್ಲಿ ಪಳಗಿದ್ದು.

ಟ್ರಿಂಕೋಮಲಿ ಈಗಲೂ ಇಂಗ್ಲೆಂಡಿನ ಹಾರ್ಟ್ಲ್‌ಪೂಲ್‌ನಲ್ಲಿ ತೇಲುತ್ತಿದೆ. ಚರಿತ್ರೆಯಲ್ಲಿ ವಾಡಿಯಾಗಳ ಹೆಸರಿದೆ, ಅದರ ಹಲಗೆ ಬಗ್ಗಿಸಿದ ಬಡಗಿಗಳ ಹೆಸರು ಯಾರ ಬಾಯಲ್ಲೂ ಇಲ್ಲ. ಅಂಗೈಯಗಲದ ಮೂತಿಗೆ ಮೂರನೆಯ ಪಟ್ಟಿ ಬಗ್ಗಿಸುವಾಗ ಅದು ಪಟ್ಟೆಂದು ಮುರಿಯುತ್ತದಲ್ಲ, ಅವರು ಎಂಥ ಕೆಲಸಗಾರರು ಎಂಬುದು ಆಗ ತಿಳಿಯುತ್ತದೆ.