ಪದದ ಅರ್ಥ, ಪದದ ನೆರೆಹೊರೆ

ಭಾಂಡುಪಿನಲ್ಲಿ ನೆಲೆಸಿದ ನಾವು ದಿನವೂ ನಾಲ್ಕಾರು ಭಾಷೆಗಳ ನಡುವೆ ಓಡಾಡುವವರು. ಮನೆಯಲ್ಲಿ ಕನ್ನಡ ಅಥವಾ ತುಳು, ನೆರೆಮನೆಯಲ್ಲಿ ಮರಾಠಿ, ಲೋಕಲ್ ಗಾಡಿಯಲ್ಲಿ ಹಿಂದಿ, ಕಚೇರಿಯ ಕಡತದಲ್ಲಿ ಇಂಗ್ಲಿಷ್. ಮಕ್ಕಳು ಇವೆಲ್ಲವನ್ನೂ ಸುಲಭವಾಗಿ ಕಲಿತುಬಿಡುತ್ತಾರೆ. ತೊಡಕಿರುವುದು ರೂಪ ಒಂದೇ ಆಗಿದ್ದು ಅರ್ಥ ಬೇರೆಯಾದ ಶಬ್ದಗಳಲ್ಲಿ. ಮರಾಠಿಯಲ್ಲಿ ‘ಅಭ್ಯಾಸ’ವೆಂದರೆ ಪಾಠ ಓದುವುದು, ನಮ್ಮ ದಿನಬಳಕೆಯಲ್ಲಿ ಅದು ಹೆಚ್ಚಾಗಿ ರೂಢಿ. ‘ಅನುಮಾನ’ ನಮಗೆ ಸಂದೇಹ, ಹಿಂದಿಯವರಿಗೆ ಅಂದಾಜು. ‘ಉಪನ್ಯಾಸ’ ನಮಗೆ ಭಾಷಣ, ಅವರಿಗೆ ಕಾದಂಬರಿ. ಹಿಂದಿಯ ‘ಶಿಕ್ಷಾ’ ಎಂದರೆ ವಿದ್ಯೆ ಎಂದು ಕಲಿತ ಮಗು, ‘ಕಳ್ಳನಿಗೆ ಶಿಕ್ಷೆಯಾಯಿತು’ ಎಂಬ ಕನ್ನಡ ವಾಕ್ಯ ಓದಿದರೆ ಬೆರಗಾಗದೆ ಇದ್ದೀತೇ? ಆದರೆ ಅದೇ ವಾಕ್ಯದಲ್ಲಿರುವ ‘ಕಳ್ಳ’ನೇ ಸರಿಯಾದ ಅರ್ಥವನ್ನು ಸೂಚಿಸುತ್ತಾನೆ.

ಹೀಗೆ ಶಬ್ದವನ್ನು ಅರಿಯಲು ಎರಡು ದಾರಿಗಳು: ಒಂದು ಅರ್ಥವಿವರಣೆ, ಇನ್ನೊಂದು ಪ್ರಯೋಗ. ನಮ್ಮ ಹಿರಿಯರು ಎರಡನ್ನೂ ಬಲ್ಲವರಾಗಿದ್ದರು.

ಹತ್ತನೆಯ ಶತಮಾನದ ರನ್ನನ ಹೆಸರಿನಲ್ಲಿ ‘ರನ್ನಕಂದ’ ಎಂಬ ನಿಘಂಟಿನ ಕೆಲವೇ ಪದ್ಯಗಳು ಉಳಿದಿವೆ. ಎರಡನೆಯ ನಾಗವರ್ಮ ‘ಅಭಿಧಾನವಸ್ತುಕೋಶ’ವನ್ನೂ, 1398ರಲ್ಲಿ ಮಂಗರಾಜ ‘ಅಭಿನವಾಭಿಧಾನ’ವನ್ನೂ ರಚಿಸಿದರು. ಇವೆಲ್ಲ ಪದ್ಯದಲ್ಲಿವೆ. ಮಗ್ಗಿಯಂತೆ ಬಾಯಿಪಾಠ ಮಾಡಿದರೆ ಅರ್ಥ ನಾಲಗೆಯ ತುದಿಯಲ್ಲಿರುತ್ತಿತ್ತು.

ಹದಿಮೂರನೆಯ ಶತಮಾನದ ಕೇಶಿರಾಜನದು ಇನ್ನೊಂದು ದಾರಿ. ಅವನ ‘ಶಬ್ದಮಣಿದರ್ಪಣ’ ವ್ಯಾಕರಣಗ್ರಂಥವಾದರೂ, ನಿಯಮಗಳಿಗೆ ಹಿಂದಿನ ಕವಿಗಳ ಪ್ರಯೋಗಗಳನ್ನೇ ಸಾಕ್ಷಿಯಾಗಿ ಕೊಡುತ್ತದೆ. ಅವನ ಕಾಲಕ್ಕೆ ‘ೞ’ಕಾರ ಬಳಕೆಯಿಂದ ಜಾರುತ್ತಿತ್ತು. ಅದುಳ್ಳ ಶಬ್ದಗಳನ್ನು ಅವನು ಪಟ್ಟಿಮಾಡಿಟ್ಟ. ಕೊನೆಯ ‘ಪ್ರಯೋಗಸಾರ’ದಲ್ಲಿ ಅಪರೂಪದ ಮಾತುಗಳಿಗೆ ಅರ್ಥ ಹೇಳಿದ. ಕಳೆದುಹೋಗುತ್ತಿದ್ದುದನ್ನು ಹಿಡಿದಿಡುವ ಕೆಲಸವದು. ಮುಂಬಯಿಯ ತಂದೆತಾಯಿಗಳಿಗೆ ಅದರ ಬೆಲೆ ಬೇಗ ತಿಳಿದೀತು.

ಆ ಗ್ರಂಥವನ್ನು 1872ರಲ್ಲಿ ಸಂಪಾದಿಸಿದವರು ಜರ್ಮನಿಯಲ್ಲಿ ಹುಟ್ಟಿ 1853ರಲ್ಲಿ ಇಲ್ಲಿಗೆ ಬಂದ ಫರ್ಡಿನಾಂಡ್ ಕಿಟೆಲ್. ಅವರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ನಿನಿಂದ ಹೊರಬಂತು. ಅದರಲ್ಲಿ ಸುಮಾರು 70,000 ಶಬ್ದಗಳಿವೆ. ಕಿಟೆಲ್ ಅರ್ಥ ಬರೆದು ಸುಮ್ಮನಾಗಲಿಲ್ಲ. ಗಾದೆಗಳನ್ನು, ಹಳೆಯ ಕೃತಿಗಳ ಪ್ರಯೋಗಗಳನ್ನು ಜೊತೆಗಿಟ್ಟರು. ಮೈಸೂರು ಸೀಮೆಯ ಬಳಕೆ ಯಾವುದು, ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಧಾರವಾಡದ ಕಡೆಯ ಬಳಕೆ ಯಾವುದು ಎಂಬುದನ್ನೂ ಗುರುತು ಹಾಕಿ ತೋರಿಸಿದರು. ಇಂಗ್ಲಿಷ್ ಶಾಲೆಯ ನಮ್ಮ ಮಕ್ಕಳಿಗೆ ಇಂದಿಗೂ ಇದು ಒಳ್ಳೆಯ ಮೆಟ್ಟಿಲು.

ಕನ್ನಡಕ್ಕೆ ಕನ್ನಡದಲ್ಲೇ ಅರ್ಥ ಹೇಳುವ ದೊಡ್ಡ ಕೆಲಸವನ್ನು ಮಾಡಿದ್ದು ಕನ್ನಡ ಸಾಹಿತ್ಯ ಪರಿಷತ್ತು. ಅದರ ನಿಘಂಟಿನ ಮೊದಲ ಸಂಪುಟ 1970ರಲ್ಲಿ ಬಂತು. ಎಂಟನೆಯದು ಮುಗಿದಾಗ 1995. ಅಲ್ಲಿ ಅರ್ಥದ ಹಿಂದೆಯೇ ಶಾಸನ, ಕಾವ್ಯ, ವಚನಗಳ ಪ್ರಯೋಗ ಬರುತ್ತದೆ. ಆ ಕಾರ್ಯದಲ್ಲಿ ದುಡಿದ ಪ್ರೊ. ಜಿ. ವೆಂಕಟಸುಬ್ಬಯ್ಯನವರು 1991ರಲ್ಲಿ ‘ಪ್ರಜಾವಾಣಿ’ಯಲ್ಲಿ ‘ಇಗೋ ಕನ್ನಡ’ ಅಂಕಣ ಆರಂಭಿಸಿ, ಓದುಗರು ಕೇಳಿದ ಶಬ್ದಗಳಿಗೆ ಉತ್ತರ ಕೊಟ್ಟರು. 1913ರಲ್ಲಿ ಹುಟ್ಟಿದ ಅವರು 2021ರಲ್ಲಿ, 107ನೆಯ ವಯಸ್ಸಿನಲ್ಲಿ ತೀರಿಕೊಂಡರು.

ಊರಿನ ಮಗುವಿಗೆ ಪ್ರಯೋಗ ಪುಕ್ಕಟೆಯಾಗಿ ಸಿಗುತ್ತದೆ. ಸಂತೆಯಲ್ಲಿ, ಜಾತ್ರೆಯಲ್ಲಿ, ಅಜ್ಜಿಯ ಬೈಗುಳದಲ್ಲೂ. ನಮ್ಮ ಮಕ್ಕಳಿಗೆ ನಾವೇ ಒದಗಿಸಬೇಕು. ‘ಹತ್ತು’ ಎಂಬ ಒಂದು ಶಬ್ದ ಸಾಕು: ‘ಹತ್ತು ರೂಪಾಯಿ ಕೊಡು’, ‘ಮೆಟ್ಟಿಲು ಹತ್ತು’, ‘ಬೆಂಕಿ ಹತ್ತಿತು’. ‘ಕರೆ’ಯೂ ಹಾಗೆಯೇ: ‘ಅಜ್ಜಿಯನ್ನು ಕರೆ’, ‘ಹಾಲು ಕರೆ’. ಮೊದಲು ಅಕ್ಕಪಕ್ಕದ ಮಾತು ನೋಡಿ ಮಗುವೇ ಅರ್ಥ ಊಹಿಸಲಿ. ಬಳಿಕ ನಿಘಂಟು ತೆರೆದು ತಾಳೆ ನೋಡಲಿ. ಆಮೇಲೆ ತನ್ನದೇ ಒಂದು ವಾಕ್ಯ ಕಟ್ಟಲಿ. ರಾತ್ರಿ ಊಟದ ನಂತರ ಹತ್ತು ನಿಮಿಷ, ದಿನಕ್ಕೊಂದು ಶಬ್ದವಾದರೂ ವರ್ಷಕ್ಕೆ 365 ಆಯಿತು. ಕಪಾಟಿನ ನಿಘಂಟು ಅರ್ಥವನ್ನು ಕಾದಿಡಬಲ್ಲದು. ಪ್ರಯೋಗ ಮಾತ್ರ ನಮ್ಮ ಬಾಯಿಂದಲೇ ಬರಬೇಕು.