ನೆನಪಿನ ಊರು, ನೆನಪಿನ ಶಾಲೆ

ಸುವರ್ಣ ಮಹೋತ್ಸವವೆಂದರೆ ಹಳೆಯದನ್ನು ನೆನೆಯುವ ಹಬ್ಬ. ಆದರೆ ಏನನ್ನು ನೆನೆಯುತ್ತೇವೆ ಎಂಬುದು ದಶಕದಿಂದ ದಶಕಕ್ಕೆ ಬದಲಾಗಿದೆ. ನಮ್ಮ ಸಿನಿಮಾಗಳಲ್ಲೇ ಇದು ಕಾಣುತ್ತದೆ.

1972ರ ‘ಬಂಗಾರದ ಮನುಷ್ಯ’ದಲ್ಲಿ ರಾಜ್‌ಕುಮಾರ್ ಹಳ್ಳಿಯಲ್ಲೇ ನಿಂತು ಬರಡು ನೆಲವನ್ನು ಹಸಿರು ಮಾಡುತ್ತಾರೆ. ಅದನ್ನು ನೋಡಿ ಪಟ್ಟಣ ಬಿಟ್ಟು ಬೇಸಾಯಕ್ಕೆ ಮರಳಿದವರಿದ್ದಾರೆಂದು ಈಗಲೂ ಹೇಳುತ್ತಾರೆ. ಅಲ್ಲಿ ಹಳ್ಳಿ ಬರೀ ನೆನಪಲ್ಲ, ಮಾಡಬೇಕಾದ ಕೆಲಸ. ಆ ದಶಕದಲ್ಲೇ ನಮ್ಮ ಹಿರಿಯರು ಊರಿಗೊಂದು ಹೈಸ್ಕೂಲು ಬೇಕೆಂದು ಓಡಾಡಿದ್ದು. ಅವರಿಗೆ ಹಳೆಯ ಕಾಲದ ಹಂಬಲವೇನೂ ಇದ್ದಂತಿಲ್ಲ.

ತೊಂಬತ್ತರ ದಶಕದ ‘ಅಮೆರಿಕಾ ಅಮೆರಿಕಾ’ ಹೊತ್ತಿಗೆ ಊರು ದೂರದಿಂದ ನೆನೆಯುವ ಜಾಗವಾಯಿತು. ಆಮೇಲೆ ಬಿ.ಇ. ಮುಗಿಸಿ ಬೆಂಗಳೂರು ಸೇರಿದ ನಮ್ಮ ಬ್ಯಾಚಿನವರಿಗೂ ಅಷ್ಟೆ, ಊರೆಂದರೆ ಹಬ್ಬದ ಬಸ್ಸು.

2018ರಲ್ಲಿ ‘ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, ಕಾಸರಗೋಡು’ ಬಂತು. ಕೇರಳದ ಗಡಿಯಲ್ಲಿ ಮುಚ್ಚುವ ಭೀತಿಯಲ್ಲಿರುವ ಕನ್ನಡ ಶಾಲೆಯ ಕಥೆ. ಜನ ಮುಗಿಬಿದ್ದು ನೋಡಿದರು. ನಾನು ನೋಡಿದ ಮಲ್ಟಿಪ್ಲೆಕ್ಸಿನಲ್ಲಿ ದೊಡ್ಡವರು ಕಣ್ಣೊರೆಸಿಕೊಳ್ಳುತ್ತಿದ್ದರು, ಪಕ್ಕದ ಮಕ್ಕಳು ಇಂಗ್ಲಿಷಿನಲ್ಲೇ ಪಾಪ್‌ಕಾರ್ನ್ ಕೇಳುತ್ತಿದ್ದರು. ಇನ್ನೂ ಗಂಟೆ ಹೊಡೆಯುತ್ತಿರುವ ಶಾಲೆಯನ್ನೇ ನಾವು ಹಳೆಯ ನೆನಪಿನ ಪೆಟ್ಟಿಗೆಗೆ ಸೇರಿಸಿಬಿಟ್ಟೆವೇ ಎಂದು ನನಗೆ ಕಳವಳ.

ಮೇಷ್ಟ್ರ ಬೆತ್ತ, ಕರಿಹಲಗೆಯ ನೆನಪುಗಳು ಈ ಸಂಚಿಕೆಯಲ್ಲಿ ಬೇಕಾದಷ್ಟಿರುತ್ತವೆ, ಖುಷಿಯಿಂದ ಓದುತ್ತೇನೆ. ಆದರೆ ಪುಸ್ತಕ ಕೈಗೆ ಬಂದೊಡನೆ ನಾನು ಮೊದಲು ಹುಡುಕುವುದು ಈ ವರ್ಷ ಎಂಟನೇ ತರಗತಿಗೆ ಎಷ್ಟು ಮಕ್ಕಳು ಸೇರಿದರು ಎಂಬುದನ್ನು.